ನಮ್ಮ ಮನೆಯ ಶಾಲೆ ಮುಚ್ಚಿದ ಬಗೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಒಂದು ಕಾಲದಲ್ಲಿ ಮನಸಾರೆ ನಂಬಿದ್ದೆ. ಆಗ ಮಹಾರಾಜರ ಕಾಲ. ಶಿವಮೊಗ್ಗದ ಕೋಟೆಯ ಹತ್ತಿರ ನಮ್ಮ ಮನೆ. ನಾನು ವಕೀಲ. ಕಕ್ಷಿಗಾರರು ನಮ್ಮ ಬೀದಿಗೆ ಅಪರೂಪವಾದ್ದರಿಂದ ಬಿಡುವಿಗೆ ಬರವಿರಲಿಲ್ಲ. ಬೇಸಿಗೆ ರಜೆ ಮುಗಿದ ದಿನ, ಹನ್ನೆರಡು ವರ್ಷದ ಮಗಳು ಶಾರದೆಯನ್ನೂ ಎಂಟು ವರ್ಷದ ಮಗ ನಾಗರಾಜನನ್ನೂ ಇನ್ನು ಶಾಲೆಗೆ ಕಳಿಸುವುದಿಲ್ಲವೆಂದು ಸಾರಿಬಿಟ್ಟೆ.

"ಬೆಂಚಿನ ಮೇಲೆ ಕೂತು ಮಗ್ಗಿ ಅರಚಿದ್ರೆ ವಿದ್ಯೆ ಬರುತ್ತೇನೇ? ಋತುವಿಗೆ ತಕ್ಕ ಪಾಠ ಇರ್ಬೇಕು. ಮಳೆಗಾಲದಲ್ಲಿ ಮಳೆ ನೋಡಿ ಕಲೀಬೇಕು" ಎಂದೆ.

"ಮಳೆ ನೋಡೋದಕ್ಕೆ ಮೇಷ್ಟ್ರು ಯಾಕೆ ಬೇಕ್ರೀ?" ಎಂದಳು ನನ್ನ ಹೆಂಡತಿ ಕಮಲ.

ನನ್ನ ತಾಯಿ ಮಾತ್ರ ಈ ಸುದ್ದಿಯಿಂದ ಗೆಲುವಾದರು. "ಹುಡುಗಿ ಶಾಲೆ ಬಿಟ್ಟಳಲ್ಲ, ಒಳ್ಳೇದಾಯ್ತು. ತರೀಕೆರೆ ಸಂಬಂಧದೋರು ಕಾಯ್ತಾನೇ ಇದಾರೆ. ಮದುವೆ ಮುಗಿಸಿಬಿಡೋಣ."

ಶಾರದೆಯ ಮುಖ ಬಾಡಿತು. ಓದೆಂದರೆ ಪ್ರಾಣ ಬಿಡುವ ಹುಡುಗಿ. ಕಮಲ ಹೆದರಿ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಊರಿನ ಒಂದು ಶಾಲೆಗೆ ಅವರೇ ಹೆಡ್‌ಮಾಸ್ತರರು. ಬಂದವರು ಎಲ್ಲರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು.

"ರಾಯರೇ, ವಿಜಯದಶಮಿ ದಿನ ಬಂದು ನಾನೇ ಮಕ್ಕಳನ್ನ ಪರೀಕ್ಷೆ ಮಾಡ್ತೀನಿ. ಸರಿಯಾಗಿ ಹೇಳಿದ್ರೆ ಮುಂದಿನ ಕ್ಲಾಸಿಗೆ ಸೇರಿಸ್ಕೋತೀನಿ. ಹೇಳದೇ ಇದ್ರೆ, ಹುಡುಗಿ ವಿಷಯ ಅಮ್ಮ ಹೇಳಿದ ಹಾಗೇ ಆಗ್ಲಿ."

"ಧಾರಾಳವಾಗಿ" ಎಂದೆ. ಮಗಳ ಬಾಳನ್ನು ಪಣಕ್ಕಿಟ್ಟು ಧಾರಾಳ ಎಂದ ತಂದೆ ನಾನು.

ಆಷಾಢದಲ್ಲಿ ಮಳೆ ಅಳೆಯುವ ಪಾಠ. ಒಂದು ಪಾತ್ರೆಯಲ್ಲಿ ಅಳೆದರೆ ತಪ್ಪಾಗಬಹುದೆಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹಿತ್ತಲಲ್ಲಿ ಸಾಲಾಗಿ ಇಡಿಸಿದೆ. ಗಾಳಿಗೆ ಅರ್ಧ ಉರುಳಿದವು, ಇನ್ನರ್ಧದ ನೀರನ್ನು ಪಕ್ಕದ ಮನೆಯ ಎಮ್ಮೆ ಕುಡಿಯಿತು. ಮಕ್ಕಳಿಗೆ ನೆಗಡಿ, ಕೆಮ್ಮು. ಅಂದು ಮನೆಯಲ್ಲಿ ಸಾರಿಗೂ ಪಾತ್ರೆಯಿರಲಿಲ್ಲ.

ಶ್ರಾವಣದಲ್ಲಿ ಜೀವಶಾಸ್ತ್ರ. ತುಂಗೆಯ ದಡದ ಹೊಂಡದಿಂದ ಕಪ್ಪೆಮರಿಗಳನ್ನು ಹಿಡಿದು ತಂದು, ಅವು ಬೆಳೆಯುವುದನ್ನು ದಿನಾ ನೋಡಲೆಂದು ಬಚ್ಚಲಮನೆಯ ತಣ್ಣೀರು ತೊಟ್ಟಿಗೆ ಬಿಟ್ಟೆವು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನನ್ನ ತಾಯಿ ಮಡಿಗೆಂದು ಅದೇ ತೊಟ್ಟಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡರು. ಆಮೇಲೆ ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ.

ಭಾದ್ರಪದದಲ್ಲಿ ಖಗೋಳಶಾಸ್ತ್ರ. ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ.

ನವರಾತ್ರಿ ಬಂದೇಬಿಟ್ಟಿತು. ಆಗ ನನಗೆ ನಿಜವಾಗಿ ಭಯ ಹತ್ತಿತು. ಋತುಗಳನ್ನೆಲ್ಲ ಬದಿಗಿಟ್ಟು ಉಳಿದ ದಿನಗಳಲ್ಲಾದರೂ ಲೆಕ್ಕದ ಪುಸ್ತಕ ಹಿಡಿಸೋಣವೆಂದು ಹುಡುಕಿದರೆ ಒಂದೂ ಇಲ್ಲ. ದೇವರ ಮುಂದೆ ರೇಷ್ಮೆ ವಸ್ತ್ರ ಹೊದ್ದು, ಅರಿಸಿನ ಕುಂಕುಮ ಧರಿಸಿ ಕುಳಿತಿವೆ! ಸರಸ್ವತಿ ಪೂಜೆ.

"ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ" ಎಂದರು ತಾಯಿ.

"ಅಮ್ಮ, ಓದಿದ್ರೆ ಸರಸ್ವತಿಗೇ ಸಂತೋಷ ಅಲ್ವಾ?"

"ಅವಳಿಗೂ ನಾಲ್ಕು ದಿನ ನಿನ್ನಿಂದ ಬಿಡುವು ಬೇಡ್ವೇನೋ?"

ಪುಸ್ತಕವಿಲ್ಲದೆ ಹೇಳಬಹುದಾದ ಪಾಠ ಯಾವುದೆಂದು ರಾತ್ರಿಯೆಲ್ಲ ಯೋಚಿಸಿದೆ. ಹೊಳೆಯಿತು. ಭದ್ರಾವತಿ! ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಕಣ್ಣಾರೆ ಕಂಡರೆ ವಿಜ್ಞಾನ, ಭೂಗೋಳ, ಲೆಕ್ಕ ಎಲ್ಲ ಒಂದೇ ಏಟಿಗೆ ಬರುತ್ತವೆ. ಪರೀಕ್ಷೆಯ ಹಿಂದಿನ ದಿನ, ಮಹಾನವಮಿಯ ಬೆಳಿಗ್ಗೆ, ಮಕ್ಕಳನ್ನು ಹೊರಡಿಸಿದೆ.

"ಅಲ್ಲ ಕಣ್ರೀ, ಇವತ್ತು ಅಲ್ಲಿ..." ಎಂದು ಕಮಲ ಬಾಯಿ ತೆರೆದಳು.

"ಹೊರಟಾಗ ಅಡ್ಡಬಾಯಿ ಹಾಕಬೇಡ ಮಾರಾಯ್ತಿ" ಎಂದು ಗದರಿದೆ. ಅವಳು ಬುತ್ತಿ ಕಟ್ಟಿಕೊಟ್ಟಳು.

ರೈಲಿಳಿದು ಕಾರ್ಖಾನೆ ತಲುಪಿದೆವು. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಒಳಗಿನಿಂದ ಒಂದು ಸದ್ದೂ ಇಲ್ಲ. ಕಾವಲುಗಾರ ತಮಿಳಿನವನು, ಹಣೆತುಂಬ ವಿಭೂತಿ.

"ಇವತ್ತು ಆಯುಧ ಪೂಜೆ ಸಾಮಿ. ಮಿಷನ್ನುಗೆಲ್ಲಾ ರಜಾ. ಒಳಗೆ ಬನ್ನಿ, ಪ್ರಸಾದ ತಗೊಳ್ಳಿ."

ಮನೆಯಲ್ಲಿ ಪುಸ್ತಕ ಪೂಜೆಗೆ ಕುಳಿತ ಮೇಲೆ ಕಾರ್ಖಾನೆಯಲ್ಲಿ ಯಂತ್ರವೂ ಕೂರುತ್ತದೆ ಎಂಬುದು ಹಸುಗೂಸಿಗೂ ಗೊತ್ತು. ಕಾನೂನು ಓದಿದ ನನಗೆ ಹೊಳೆದಿರಲಿಲ್ಲ. ಕಮಲ ಹೇಳಹೊರಟಿದ್ದು ಇದನ್ನೇ.

ಆದರೂ ನಾನು ಸೋಲೊಪ್ಪಲಿಲ್ಲ. ಒಳಗೆ ಯಂತ್ರಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ಮದುವಣಗಿತ್ತಿಯರಂತೆ ನಿಂತಿದ್ದವು. ಅವು ಕದಲದಿದ್ದರೆ ನಾನೇ ಕದಲಿ ತೋರಿಸಬೇಕೆಂದು ನಿರ್ಧರಿಸಿದೆ. ಕೆನ್ನೆ ಉಬ್ಬಿಸಿ ಬುಸ್ ಬುಸ್ ಎಂದು ಊದಿ ಕುಲುಮೆಯಾದೆ. ಕೈಯೆತ್ತಿ ಬಡಿದು ಸುತ್ತಿಗೆಯಾದೆ. ಕೆಲಸಗಾರರು ಮಂಡಕ್ಕಿ ಮೆಲ್ಲುತ್ತಾ ಸುತ್ತ ನೆರೆದರು. ಹುಮ್ಮಸ್ಸು ಹೆಚ್ಚಿ, ಕರಗಿದ ಕಬ್ಬಿಣ ಹರಿಯುವುದನ್ನು ತೋರಿಸಲು ಹಿಂದಕ್ಕೆ ನಾಲ್ಕು ಹೆಜ್ಜೆ ಹಾಕಿದೆ.

ಅಲ್ಲಿ ದೃಷ್ಟಿ ತೆಗೆದು ಒಡೆದಿದ್ದ ಬೂದುಗುಂಬಳಕಾಯಿ ಬಿದ್ದಿತ್ತು. ಒಳಗೆಲ್ಲ ಕುಂಕುಮ ತುಂಬಿದ್ದ ಕಾಯಿ. ಅದರ ಮೇಲೆ ನಾನೂ ಬಿದ್ದೆ.

ಬಿಳಿ ಪಂಚೆ ಪೂರ್ತಿ ಕೆಂಪಾಯಿತು. ವಾಪಸು ಬರುವ ರೈಲಿನಲ್ಲಿ ಒಬ್ಬ ಮುದುಕ ಸಾಬರು ಎದ್ದು ಜಾಗ ಕೊಟ್ಟು, "ಬಹಳ ರಕ್ತ ಹೋಗಿದೆ, ಮಲಕ್ಕೊಳ್ಳಿ ಸ್ವಾಮಿ" ಎಂದರು. ನಿಜ ಹೇಳಲು ನಾಚಿಕೆಯಾಗಿ ಮಲಗಿದೆ. ಶಾರದೆ ನನ್ನ ತಲೆಯ ಹತ್ತಿರ ಕೂತು ಮೆಲ್ಲಗೆ ಕೇಳಿದಳು:

"ಅಪ್ಪ, ನಾಳೆ ಮಾವ ಏನು ಕೇಳ್ತಾರೆ?"

ನಾನು ಕಣ್ಣು ಮುಚ್ಚಿಕೊಂಡೆ. ಈ ಹುಡುಗಿಯ ಬದುಕನ್ನು ನನ್ನ ಕೈಯಾರೆ ಹಾಳು ಮಾಡಿದೆ ಎಂದು ಆಗ ನಿಚ್ಚಳವಾಗಿ ಗೊತ್ತಾಯಿತು.

ಮರುದಿನ ಭಾವ ಬಂದರು. ಮೊದಲು ನಾಗರಾಜನ ಸರದಿ.

"ನಿನ್ನೆ ಭದ್ರಾವತಿಗೆ ಹೋಗಿದ್ರಂತಲ್ಲ. ಕಬ್ಬಿಣ ಹೇಗೆ ತಯಾರಾಗುತ್ತೆ ಹೇಳು."

ನಾಗರಾಜ ಕೈಕಟ್ಟಿ ನಿಂತು ಗಟ್ಟಿಯಾಗಿ ಹೇಳಿದ. "ಮೊದಲು ಮಿಷನ್ನಿಗೆ ಕುಂಕುಮ ಹಚ್ತಾರೆ ಮಾವ. ಆಮೇಲೆ ಹಾರ ಹಾಕಿ ಕುಂಬಳಕಾಯಿ ಒಡೀತಾರೆ. ಎಲ್ಲರಿಗೂ ಮಂಡಕ್ಕಿ ಕೊಡ್ತಾರೆ. ಕೊನೇಲಿ ಅಪ್ಪ ಬೀಳ್ತಾರೆ."

ಭಾವ ಶಾರದೆಯ ಕಡೆ ತಿರುಗಿ ಭಿನ್ನರಾಶಿಯ ಲೆಕ್ಕವೊಂದನ್ನು ಕೊಟ್ಟರು. ಅವಳು ಸ್ಲೇಟಿನ ಮೇಲೆ ಬರೆದು ಒರೆಸಿದಳು, ಮತ್ತೆ ಬರೆದು ಒರೆಸಿದಳು.

"ಇದನ್ನ ಅಪ್ಪ ಹೇಳಿಕೊಟ್ಟಿಲ್ಲ ಮಾವ."

"ಮತ್ತೆ ಏನು ಹೇಳಿಕೊಟ್ರು?"

ಅವಳು ತುಂಬ ಯೋಚಿಸಿದಳು. "ಪಾಪ, ಅಪ್ಪ ಬಹಳ ಕಷ್ಟಪಟ್ರು" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಎಲ್ಲ ಮುಗಿಯಿತು ಎಂದುಕೊಂಡೆ. ತರೀಕೆರೆಯ ಓಲಗ ಕಿವಿಯಲ್ಲೇ ಊದಿದಂತಾಯಿತು. ಕಮಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ನನ್ನ ತಾಯಿಯ ಕಡೆ ನೋಡಿದರು. ತಾಯಿ ಮೊಮ್ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು.

"ತರೀಕೆರೆಯೋರಿಗೆ ಈಗ ಬೇಡ ಅಂತ ಹೇಳಿ ಕಳಿಸು" ಎಂದರು. "ಒಂದು ಕ್ಲಾಸು ಹಿಂದೆ ಹಾಕಿದ್ರೂ ಸರಿ, ಹುಡುಗೀನ ಶಾಲೆಗೆ ಸೇರಿಸ್ರಪ್ಪ."

ನನಗೆ ನಂಬಿಕೆಯಾಗಲಿಲ್ಲ. "ಯಾಕಮ್ಮ?" ಎಂದೆ.

"ನಾಳೆ ಇವಳಿಗೂ ಮಕ್ಕಳಾಗುತ್ವೆ. ಅವಕ್ಕೆ ತಾನೇ ಪಾಠ ಹೇಳೋ ಅಷ್ಟಾದ್ರೂ ಕಲೀಲಿ. ನಿನ್ನಂಥ ಗಂಡ ಗಂಟುಬಿದ್ರೆ ಮಕ್ಕಳ ಗತಿ ಏನಾಗ್ಬೇಕು?"

ಭಾವ ತಲೆಯಾಡಿಸಿದರು. ಕಮಲ ತಲೆಯಾಡಿಸಿದಳು. ನಾನೂ ಆಡಿಸಿದೆ. ಆ ವರ್ಷವೆಲ್ಲ ನಾನು ಕೊಟ್ಟ ಸರಿಯುತ್ತರ ಅದೊಂದೇ.