ಹುಬ್ಬಳ್ಳಿಗೆ ಐವತ್ತು ಹಿಡಿಸೂಡಿ

“ಲಾರಿಯವನಿಗೆ ಕೊಡಬೇಡಿ. ಅವ ಉದ್ದ ಅಳೀತಾನೆ.”

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೆಯ ಮಾತು ಇದು. ಮಂಗಳೂರಿನ ಆಸ್ಪತ್ರೆಯಲ್ಲಿ. ನಾನು ಹೂಂ ಎಂದೆ. ಮತ್ತೆ ಅವಳು ಮಾತಾಡಲಿಲ್ಲ.

ಮಣ್ಣು ಮಾಡಿದ ಮೇಲೆ ಇಗರ್ಜಿಯ ಫಾದರ್ ಮನೆಗೆ ಬಂದರು. “ಕೊನೆಗೆ ಎಂತ ಹೇಳಿದಳು? ದೇವರ ಹೆಸರು ತೆಗೆದಳಾ?” ಎಂದು ಕೇಳಿದರು. ಫಾದರ್ ಹತ್ತಿರ ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ. “ಲಾರಿ ಬಾಡಿಗೆಯ ವಿಷಯ ಹೇಳಿದಳು ಫಾದರ್” ಎಂದೆ. ಅವರು ಶಿಲುಬೆಯ ಗುರುತು ಮಾಡಿದರು. ಮತ್ತೆ, “ಹೌದು, ಈಗ ಜಾಸ್ತಿ ಮಾಡಿದ್ದಾರೆ” ಎಂದರು.

ಪಾರ್ಸೆಲ್ ಕಳಿಸಲು ಹೊರಟವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಕೇಳುವವರಿಗೆ ನಗು. ಕಳಿಸುವವನಿಗೆ ಹೊಟ್ಟೆ ಉರಿ.

ನಮ್ಮದು ಹಿಡಿಸೂಡಿಯ ಕೆಲಸ. ಹಿಡಿಸೂಡಿ ಅಂದರೆ ತೆಂಗಿನ ಕಡ್ಡಿಯ ಪೊರಕೆ. ಮಂಗಳೂರಿನಿಂದ ತೆಂಕಕ್ಕೆ ಗಡಿ ದಾಟಿದರೆ ಬಂದ್ಯೋಡು, ಅಲ್ಲಿಂದ ಸ್ವಲ್ಪ ಒಳಗೆ ನಮ್ಮ ಮನೆ. ಗರಿಯಿಂದ ಕಡ್ಡಿ ಬಿಡಿಸಿ ಹೆರೆಯುವುದು ನಾನು. ಕಟ್ಟುವುದು ಅವಳು. ಊರಲ್ಲಿ ಹಿಡಿಸೂಡಿಗೆ ಗಿರಾಕಿ ಇಲ್ಲ. ಎಲ್ಲರ ಮನೆಯಲ್ಲೂ ತೆಂಗು ಉಂಟು, ಎಲ್ಲರೂ ಮಾಡಿಕೊಳ್ಳುತ್ತಾರೆ. ನಮ್ಮ ಗಿರಾಕಿ ಇದ್ದದ್ದು ಹುಬ್ಬಳ್ಳಿಯಲ್ಲಿ. ನಮ್ಮ ಕಡೆಯವರೇ ಒಬ್ಬರು ಅಲ್ಲಿ ಹೋಟೆಲು ಇಟ್ಟಿದ್ದಾರೆ. ಅಲ್ಲಿಯ ಪೊರಕೆ ವಾರದಲ್ಲಿ ಬಿಚ್ಚಿ ಹೋಗುತ್ತದಂತೆ. ಅವಳು ಕಟ್ಟಿದ್ದು ಕಡ್ಡಿ ಸವೆದು ಮುಗಿಯುವವರೆಗೂ ಬಿಚ್ಚುವುದಿಲ್ಲ. ತಿಂಗಳಿಗೆ ಐವತ್ತು ಕಳಿಸಿ ಎಂದರು. ನಮಗೆ ತಪ್ಪದೆ ಬರುವ ಆರ್ಡರು ಎಂದು ಇದ್ದದ್ದು ಅದೊಂದೇ.

ಮಾಡುವುದು ಕಷ್ಟ ಅಲ್ಲ. ಕಳಿಸುವುದು ಕಷ್ಟ.

ಅಂಚೆಯ ಅಳತೆ

ಮೊದಲು ಅಂಚೆಗೆ ಹೋದೆವು. ಬಟ್ಟೆ ಹೊಲಿಯಬೇಕು, ಅರಗಿನ ಸೀಲು ಹಾಕಬೇಕು ಎಂದರು. ಐದೈದರ ಕಟ್ಟು ಮಾಡಿದೆವು. ಅವಳು ನನ್ನ ಹಳೆಯ ಪಂಚೆ ಹರಿದು ಹೊಲಿದಳು. ಕಡ್ಡಿ ಬಟ್ಟೆಯಿಂದ ಹೊರಗೆ ಬಂತು. ಮತ್ತೆ ಹೊಲಿದಳು. ಮತ್ತೆ ಬಂತು. ಮೂರನೆಯ ಸಲ ಪಾರ್ಸೆಲಿಗೇ ಬೈದಳು.

ಪೋಸ್ಟ್ ಮಾಸ್ಟರರು ಅಳತೆ ಹಿಡಿದರು. “ಉದ್ದ ಹೆಚ್ಚುಂಟು. ಆಗುವುದಿಲ್ಲ.”

“ಎಂತ ಮಾಡುವುದು ಸಾರ್?” ಎಂದೆ.

“ಒಂದು ಗೇಣು ಕತ್ತರಿಸಿ ತನ್ನಿ.”

ನನಗೆ ಮಾತು ಬೇಗ ಬರುವುದಿಲ್ಲ. ಅವಳಿಗೆ ಬರುತ್ತಿತ್ತು. “ಕತ್ತರಿಸಿದರೆ ಇದರಲ್ಲಿ ಗುಡಿಸಲಿಕ್ಕೆ ಆಗುವುದಿಲ್ಲ ಸಾರ್. ಹಲ್ಲಿನ ಸಂದಿ ತೆಗೆಯಲಿಕ್ಕೆ ಆಗ್ತದೆ.”

“ರೂಲು ಬಾಯಮ್ಮ. ನಾನು ಮಾಡಿದ್ದಲ್ಲ.” ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರಿಗೆ ಬಾಯಮ್ಮ ಎನ್ನುತ್ತಾರೆ, ಗಂಡಸರಿಗೆ ಪೊರ್ಬುಗಳೇ ಎನ್ನುತ್ತಾರೆ. ಮರ್ಯಾದೆಯ ಮಾತು. ಕೆಲಸ ಆಗುವುದಿಲ್ಲ ಎನ್ನುವಾಗ ಹೆಚ್ಚು ಬಳಸುತ್ತಾರೆ.

ಅವಳು ಆಫೀಸಿನ ಮೂಲೆ ನೋಡಿದಳು. ಅಲ್ಲೊಂದು ಪೊರಕೆ ಇತ್ತು. ಸವೆದು ಸವೆದು ಒಂದೂವರೆ ಗೇಣು ಉಳಿದಿತ್ತು. “ಅದು ರೂಲಿಗೆ ಸರಿ ಉಂಟು” ಎಂದಳು.

ಪೋಸ್ಟ್ ಮಾಸ್ಟರರು ನಗಲಿಲ್ಲ. ಮೇಲಿನವರಿಗೆ ಬರೆದು ಕೇಳುತ್ತೇನೆ, ಪರೀಕ್ಷೆಗೆ ಒಂದು ಇರಲಿ ಎಂದು ಒಂದು ಹಿಡಿಸೂಡಿ ಇಟ್ಟುಕೊಂಡರು. ಪರೀಕ್ಷೆ ಇನ್ನೂ ಮುಗಿದಿಲ್ಲ. ಅಂಚೆ ಆಫೀಸಿನ ಜಗಲಿ ಮಾತ್ರ ಆವತ್ತಿನಿಂದ ಚೊಕ್ಕ ಉಂಟು.

ಮೊದಲ ಟ್ರಿಪ್ಪು

ಬಸ್ಸಿನಲ್ಲಿ ಮಂಗಳೂರಿಗೆ ಕೊಟ್ಟರೆ ಅಲ್ಲಿಂದ ಹುಬ್ಬಳ್ಳಿ ಬಸ್ಸಿಗೆ ಹಾಕಬಹುದು ಎಂದು ಯಾರೋ ಹೇಳಿದರು. ಬೆಳಗ್ಗಿನ ಮೊದಲ ಬಸ್ಸಿಗೆ ಕಟ್ಟು ಹೊತ್ತು ನಿಂತೆ. ಕಂಡಕ್ಟರ್ ಮೆಟ್ಟಿಲಿನಲ್ಲೇ ಕೈ ಅಡ್ಡ ಇಟ್ಟ.

“ಎಂತ ಪೊರ್ಬುಗಳೇ, ಬೋಣಿಗೆ ಹಿಡಿಸೂಡಿ ಹತ್ತಿಸುವುದಾ? ಇವತ್ತಿನ ಕಲೆಕ್ಷನ್ನೇ ಗುಡಿಸಿ ಹೋಗ್ತದೆ.”

“ಎರಡನೆಯ ಟ್ರಿಪ್ಪಿಗೆ ತರಲಾ?”

“ಅದರಲ್ಲಿ ಶಾಲೆಮಕ್ಕಳು. ಕಣ್ಣಿಗೆ ಚುಚ್ಚುತ್ತದೆ.”

“ಮಧ್ಯಾಹ್ನ?”

“ಮಧ್ಯಾಹ್ನ ಶಿರಿಯದ ಮೀನಿನ ಬುಟ್ಟಿ ಉಂಟು.”

ಅವಳು ಹಿಂದೆ ನಿಂತಿದ್ದಳು. “ಮೀನು ಆಗ್ತದೆ, ಹಿಡಿಸೂಡಿ ಆಗುವುದಿಲ್ಲವಾ? ನೀವು ಅದನ್ನು ಲಕ್ಷ್ಮಿ ಎಂದು ತುಳಿಯುವುದಿಲ್ಲ ಅಲ್ಲವಾ?”

“ತುಳಿಯುವುದಿಲ್ಲ ಬಾಯಮ್ಮ. ಬೆಳಗ್ಗೆ ಎದುರು ನೋಡುವುದೂ ಇಲ್ಲ.” ರೈಟ್ ಎಂದ. ಬಸ್ಸು ಹೋಯಿತು.

ಮರುದಿನ ಅವಳು ಹೊಸ ಚಾಪೆ ಒಂದು ತಂದಳು. ಹಿಡಿಸೂಡಿಗಳನ್ನೆಲ್ಲ ಅದರೊಳಗೆ ಸುತ್ತಿ ಕೆಂಪು ದಾರ ಕಟ್ಟಿದಳು. ಅದೇ ಬಸ್ಸು, ಅದೇ ಕಂಡಕ್ಟರ್. “ಮದುವೆಯ ಚಾಪೆಯಾ?” ಎಂದು ಅವನೇ ಎತ್ತಿ ಒಳಗೆ ಇಟ್ಟ. ಬೋಣಿ ಒಳ್ಳೆಯದಾಯಿತು ಎಂದೂ ಹೇಳಿದ.

ಎರಡು ದಿನ ಬಿಟ್ಟು ಹುಬ್ಬಳ್ಳಿಯಿಂದ ಫೋನ್ ಬಂತು. ಐವತ್ತೂ ಸರಿಯಾಗಿ ತಲುಪಿತ್ತು. ಚಾಪೆಯನ್ನು ಯಾರೋ ದಾರಿಯಲ್ಲಿ ಕದ್ದಿದ್ದರು. ಚಾಪೆಯ ಕ್ರಯ ಐವತ್ತು ಹಿಡಿಸೂಡಿಯ ಲಾಭಕ್ಕಿಂತ ಹೆಚ್ಚು.

ಉತ್ತರಕ್ಕೆ ದಾರಿ

ತಿಂಗಳಿಗೊಂದು ಚಾಪೆ ಕಳೆಯಲಿಕ್ಕೆ ಆಗುವುದಿಲ್ಲ ಎಂದು ರೈಲು ಸ್ಟೇಷನ್ನಿಗೆ ಹೋದೆ. ಅಲ್ಲಿಯ ಕ್ಲಾರ್ಕ್ ತೆಂಕಿನವರು, ಮಲಯಾಳದವರು. ಒಳ್ಳೆಯ ಜನ. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಅದೂ ಕನ್ನಡ. ಹಾಗಾಗಿ ಫಾರಮ್ಮು ಅವರೇ ತುಂಬಿಸಿದರು. ಬೇಗ ಹಾಳಾಗುವ ಸಾಮಾನಾ ಎಂದು ಕೇಳಿದರು. ಗುಡಿಸಿದರೆ ಹಾಳಾಗುತ್ತದೆ ಎಂದೆ. ಅದನ್ನು ಬರೆಯಲಿಲ್ಲ.

ಮತ್ತೆ ದೊಡ್ಡ ಪುಸ್ತಕ ತೆಗೆದು ದಾರಿ ಹುಡುಕಿದರು. ಮಂಗಳೂರಿನಿಂದ ಘಾಟಿ ಹತ್ತುವ ಹಳಿಯ ಕೆಲಸ ಆಗುತ್ತಾ ಉಂಟು, ರೈಲು ಇಲ್ಲ, ಆದ್ದರಿಂದ ಮೊದಲು ತೆಂಕಕ್ಕೆ ಹೋಗಿ, ಪಾಲಕ್ಕಾಡು ದಾಟಿ, ತಮಿಳುನಾಡು ನೋಡಿ, ಬೆಂಗಳೂರಿಗೆ ಹೋಗಿ ಹುಬ್ಬಳ್ಳಿಗೆ ಎಂದರು.

“ಹುಬ್ಬಳ್ಳಿ ಬಡಗಕ್ಕೆ ಸಾರ್” ಎಂದೆ.

“ಅದು ನನಗೂ ಗೊತ್ತುಂಟು” ಎಂದರು.

ಮನೆಗೆ ಬಂದು ಹೇಳಿದೆ. ಅವಳು, “ನಾನೇ ಇಷ್ಟು ಊರು ನೋಡಲಿಲ್ಲ. ಹಿಡಿಸೂಡಿ ಯಾಕೆ ನೋಡಬೇಕು?” ಎಂದಳು.

ಗಾಳಿಯ ಬಾಡಿಗೆ

ಕೊನೆಗೆ ಲಾರಿ. ಬೇರೆ ಗತಿ ಇರಲಿಲ್ಲ. ಪಾರ್ಸೆಲ್ ಲಾರಿಯ ಆಫೀಸಿನವನು ಅಕ್ಕಿಗೆ, ಅಡಿಕೆಗೆ, ಕಬ್ಬಿಣಕ್ಕೆ ತೂಕ ನೋಡುತ್ತಾನೆ. ನಮ್ಮದನ್ನು ತೂಕ ಮಾಡಿದ. ಕಡಿಮೆ ಬಂತು. ಆಗ ಟೇಪು ತೆಗೆದ.

“ಇದಕ್ಕೆ ತೂಕ ಆಗುವುದಿಲ್ಲ. ಜಾಗ ತಿನ್ನುತ್ತದೆ. ಉದ್ದ, ದಪ್ಪ ನೋಡಿ ಬಾಡಿಗೆ.”

ಬುಡದಿಂದ ತುದಿಯವರೆಗೆ ಅಳೆದ. ತುದಿಯಲ್ಲಿ ಒಂದು ಕಡ್ಡಿ ಮಾತ್ರ ಉದ್ದ ಇತ್ತು. ಅದರ ತುದಿಯವರೆಗೂ ಟೇಪು ಎಳೆದ. ನಾನು ಆ ಕಡ್ಡಿ ಮುರಿದೆ. ಅವನು ಎರಡನೆಯ ಉದ್ದದ ಕಡ್ಡಿ ಹುಡುಕಿದ.

ಮುಂದಿನ ತಿಂಗಳು ಅವಳು ಅರ್ಧ ಬುಡ ಮೇಲೆ, ಅರ್ಧ ಬುಡ ಕೆಳಗೆ ಇಟ್ಟು ಕಟ್ಟಿದಳು. ಕಟ್ಟು ಸಣ್ಣದಾಯಿತು. ಅವನು ಅದಕ್ಕೂ ಮೊದಲಿನ ಬಾಡಿಗೆಯನ್ನೇ ಹೇಳಿದ. ಕಡ್ಡಿಗಳ ನಡುವೆ ಗಾಳಿ ಉಂಟು, ಗಾಳಿಗೂ ಜಾಗ ಬೇಕು ಎಂದ.

“ಹಾಗಾದರೆ ಗಾಳಿ ತೆಗೆದು ಕೊಡ್ತೇನೆ” ಎಂದು ಅವಳು ಕಟ್ಟಿನ ಮೇಲೆ ಕೂತಳು. “ಈಗ ಅಳೆಯಿರಿ.”

“ಏಳಿ ಬಾಯಮ್ಮ. ಇಲ್ಲದಿದ್ದರೆ ತೂಕದ ಬಾಡಿಗೆ ಹಾಕ್ತೇನೆ.”

“ಹಾಕಿ. ನನ್ನನ್ನೂ ಹುಬ್ಬಳ್ಳಿಗೆ ಮುಟ್ಟಿಸಿ.”

ಅವನು ಟೇಪು ಮಡಚಿ ಚಾ ಕುಡಿಯಲು ಹೋದ. ಅರ್ಧ ಗಂಟೆ ಬರಲಿಲ್ಲ. ಅವಳೂ ಅರ್ಧ ಗಂಟೆ ಏಳಲಿಲ್ಲ. ಕೊನೆಗೆ ಕೊಟ್ಟದ್ದು ಪೂರ್ತಿ ಬಾಡಿಗೆಯೇ.

ಪಕ್ಕದ ಸೀಟು

ಅವಳು ಆಸ್ಪತ್ರೆಗೆ ಹೋಗುವ ಮೊದಲು ಐವತ್ತು ಕಟ್ಟಿ ಇಟ್ಟಿದ್ದಳು. ಅದು ಮೂಲೆಯಲ್ಲೇ ಉಳಿಯಿತು. ಇಗರ್ಜಿಯಲ್ಲಿ ಅವಳ ತಿಂಗಳಿನ ಪೂಜೆ ಕಳೆದ ಮೇಲೆ ಪಕ್ಕದ ಅಂಗಡಿಗೆ ಹುಬ್ಬಳ್ಳಿಯಿಂದ ಫೋನ್ ಬಂತು.

“ಪೊರ್ಬುಗಳೇ, ಎಂತ ಸುದ್ದಿಯೇ ಇಲ್ಲ? ಈ ವಾರದೊಳಗೆ ಬರದಿದ್ದರೆ ನಾನು ಬೇರೆಯವರಿಗೆ ಹೇಳಬೇಕಾಗ್ತದೆ.”

ಅವರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನಾನು, ಬರ್ತದೆ ಎಂದು ಮಾತ್ರ ಹೇಳಿ ಇಟ್ಟೆ.

ಲಾರಿಗೆ ಕೊಡುವ ಹಾಗಿಲ್ಲ. ಹೂಂ ಎಂದಿದ್ದೆ. ಹೊಸತಾಗಿ ಕೊರಿಯರ್ ಬಂದಿತ್ತು, ಅಲ್ಲಿ ಕೇಳಿದೆ. ಅವನು ಹೇಳಿದ ದುಡ್ಡಿನಲ್ಲಿ ನಾನೇ ಹುಬ್ಬಳ್ಳಿಗೆ ಹೋಗಿ, ಊಟ ಮಾಡಿ, ತಿರುಗಿ ಬರಬಹುದಿತ್ತು. ಹಾಗೆ ಹೇಳಿದೆ. “ಹಾಗಾದರೆ ಹೋಗಿ ಮಾರಾಯ್ರೆ” ಎಂದ. ಹೋದೆ. ಲಾಭ ಇಲ್ಲ. ಆರ್ಡರ್ ಉಳಿದರೆ ಸಾಕಿತ್ತು.

ಮಂಗಳೂರಿನಲ್ಲಿ ಹುಬ್ಬಳ್ಳಿಯ ಹಗಲು ಬಸ್ಸು. ಕಟ್ಟು ಸೀಟಿನಡಿ ಹೋಗಲಿಲ್ಲ. ಟಾಪಿಗೆ ಹಾಕಿದರೆ ಮಳೆ. ಕಂಡಕ್ಟರ್ ಲಗೇಜಿನ ಲೆಕ್ಕ ಹಾಕಿ ನೋಡಿದ. ಒಂದು ಆಳಿನ ಟಿಕೆಟಿಗಿಂತ ಹೆಚ್ಚು ಬಂತು.

“ಅದಕ್ಕಿಂತ ಇದಕ್ಕೂ ಒಂದು ಫುಲ್ ಟಿಕೆಟ್ ತೆಗೆಯಿರಿ” ಎಂದ. ತೆಗೆದೆ. ಕಟ್ಟನ್ನು ಕಿಟಕಿಯ ಹತ್ತಿರ ಕೂರಿಸಿ, ಪಕ್ಕದಲ್ಲಿ ನಾನು ಕೂತೆ.

ಕುಂದಾಪುರದಲ್ಲಿ ಬಸ್ಸು ತುಂಬಿತು. ಒಬ್ಬರು ಹೆಂಗಸು ನನ್ನ ಹತ್ತಿರ ಬಂದು ನಿಂತರು. “ಅದನ್ನು ತೆಗೆಯಿರಿ. ನಾನು ಕೂರುತ್ತೇನೆ.”

“ಅದಕ್ಕೆ ಟಿಕೆಟ್ ಉಂಟು” ಎಂದೆ.

“ನನಗೂ ಉಂಟು.”

“ಅದು ಮಂಗಳೂರಿನಲ್ಲಿ ಹತ್ತಿದ್ದು.”

ಆ ಹೆಂಗಸು ಇಡೀ ಬಸ್ಸಿಗೆ ಕೇಳುವ ಹಾಗೆ, “ಪೊರಕೆ ಕೂತಿದೆ, ಮನುಷ್ಯರು ನಿಂತಿದ್ದಾರೆ” ಎಂದರು. ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನನ್ನ ಸೀಟು ಕೊಟ್ಟೆ. ಈಗ ಹಿಡಿಸೂಡಿ ಕೂತಿತ್ತು, ಹೆಂಗಸು ಕೂತಿದ್ದರು. ಎರಡು ಟಿಕೆಟ್ ತೆಗೆದವನು ನಿಂತಿದ್ದೆ.

ಭಟ್ಕಳ ದಾಟಿದ ಮೇಲೆ ಚೆಕ್ಕಿಂಗಿನವರು ಹತ್ತಿದರು. ನನ್ನ ಕೈಯಲ್ಲಿ ಎರಡು ಟಿಕೆಟ್ ನೋಡಿ, “ಇನ್ನೊಬ್ಬರು ಎಲ್ಲಿ?” ಎಂದರು.

ತೋರಿಸಿದೆ.

ಅವರು ಹಿಡಿಸೂಡಿ ನೋಡಿದರು. ಟಿಕೆಟ್ ನೋಡಿದರು. ಕಂಡಕ್ಟರನನ್ನು ನೋಡಿದರು. “ಇದಕ್ಕೆ ಆಳಿನ ಟಿಕೆಟ್ ಕೊಟ್ಟದ್ದಾ? ಯಾವ ರೂಲಿನಲ್ಲಿ?”

“ಪಾಪ, ಲಗೇಜ್ ಹೆಚ್ಚಾಗ್ತದೆ ಎಂದು ಸಾರ್.”

“ಹಾಗೆ ಕೊಡಲಿಕ್ಕಿಲ್ಲ. ಲಗೇಜೇ ಹಾಕಬೇಕು. ಬಾಕಿ ಇವರು ಕಟ್ಟಬೇಕು.”

ನನಗೆ ಸಿಟ್ಟು ಬಂತು. ಅಂಚೆ, ಬಸ್ಸು, ರೈಲು, ಲಾರಿ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. “ಟಿಕೆಟ್ ತೆಗೆದ ಮೇಲೆ ಅದು ಲಗೇಜ್ ಅಲ್ಲ ಸಾರ್, ಪ್ಯಾಸೆಂಜರ್. ನೀವು ರೂಲು ಹೇಳುವುದಾದರೆ ನನ್ನ ದುಡ್ಡು ವಾಪಸು ಕೊಡಿ. ಸಣ್ಣ ಮಕ್ಕಳಿಗೆ ಟಿಕೆಟ್ ಇಲ್ಲ ಅಲ್ಲವಾ? ಇದಕ್ಕೆ ಎರಡು ತಿಂಗಳೂ ಆಗಲಿಲ್ಲ.”

ಮೊದಲು ನಕ್ಕದ್ದು ಆ ಹೆಂಗಸು. ಮತ್ತೆ ಬಸ್ಸು ಪೂರ್ತಿ. ಚೆಕ್ಕಿಂಗಿನವರು ನಗಬಾರದೆಂದು ಕಿಟಕಿ ಕಡೆ ತಿರುಗಿದರು. ಅಲ್ಲಿ ಹಿಡಿಸೂಡಿ ಇತ್ತು. ಟಿಕೆಟ್ ತಿರುಗಿ ನನ್ನ ಕೈಗೆ ಕೊಟ್ಟು, ಮುಂದಿನ ಸ್ಟಾಪಿನಲ್ಲಿ ಇಳಿದರು. ಹೆಂಗಸು ಕುಮಟೆಯಲ್ಲಿ ಇಳಿಯುವವರೆಗೆ ಕಟ್ಟು ಬೀಳದ ಹಾಗೆ ಹಿಡಿದುಕೊಂಡೇ ಕೂತರು.

ಸಂಜೆ ಹೋಟೆಲು ಮುಟ್ಟಿದೆ. ಹೋಟೆಲಿನವರು ಒಂದನ್ನು ತೆಗೆದು ಬುಡವನ್ನು ನೆಲಕ್ಕೆ ಕುಟ್ಟಿ ನೋಡಿದರು. ಒಂದು ಕಡ್ಡಿಯೂ ಅಲುಗಲಿಲ್ಲ. “ಬಾಯಮ್ಮನ ಕಟ್ಟು ಅಂದರೆ ಕಟ್ಟು. ಅವರು ಹುಷಾರಾ?”

“ಇಲ್ಲ. ಹೋದಳು.”

ಅವರು ಹಿಡಿಸೂಡಿಯನ್ನು ತಿರುಗಿ ಕಟ್ಟಿನಲ್ಲಿ ಇಟ್ಟರು. ಮತ್ತೆ ಮೆಲ್ಲ ಕೇಳಿದರು. “ಇನ್ನು ಕಟ್ಟುವುದು ಯಾರು?”

“ನಾನು.”

“ನಿಮಗೆ ಬರ್ತದಾ?”

“ಬರ್ತದೆ” ಎಂದೆ. ಒಂದೂ ಕಟ್ಟಿದವನಲ್ಲ. ಅವಳು ಕಟ್ಟುವಾಗ ನಾನು ತಲೆ ಬಗ್ಗಿಸಿ ಕಡ್ಡಿ ಹೆರೆಯುತ್ತಿದ್ದೆ.

“ಹಾಗಾದರೆ ಬರುವ ತಿಂಗಳೂ ಐವತ್ತು” ಎಂದರು. ಊಟ ಹಾಕಿಸಿದರು. ಮಲಗಲು ಜಾಗ ಕೊಟ್ಟರು.

ಮರುದಿನ ಬೆಳಿಗ್ಗೆ ಹೋಟೆಲಿನ ಹಿತ್ತಿಲಿಗೆ ಹೋಗಿ ಕೂತೆ. ಐವತ್ತರಲ್ಲಿ ಒಂದನ್ನು ತೆಗೆದುಕೊಂಡೆ. ಹುರಿಯ ತುದಿ ಎಲ್ಲಿ ಒಳಗೆ ಹೋಗಿದೆ ಎಂದು ಹುಡುಕಲಿಕ್ಕೆ ತುಂಬಾ ಹೊತ್ತು ಹಿಡಿಯಿತು. ಸುತ್ತು ಎಣಿಸುತ್ತಾ ಬಿಚ್ಚಿದೆ. ಅದೇ ಹುರಿ, ಅದೇ ಕಡ್ಡಿ, ಅಷ್ಟೇ ಸುತ್ತು ಹಾಕಿ ತಿರುಗಿ ಕಟ್ಟಿದೆ. ಎದ್ದು ಅಂಗಳ ಗುಡಿಸಿ ನೋಡಿದೆ. ಬಾವಿಕಟ್ಟೆಯವರೆಗೆ ಹೋಗುವಷ್ಟರಲ್ಲಿ ನೆಲದಲ್ಲಿ ಕಸಕ್ಕಿಂತ ಕಡ್ಡಿ ಹೆಚ್ಚಾಗಿತ್ತು. ಎಲ್ಲ ಹೆಕ್ಕಿದೆ. ತಿರುಗಿ ಕಟ್ಟಲು ಕೂತೆ.