ಪಕ್ಕದ ಸೀಟಿಗೊಬ್ಬ ಗಂಡಸು

ನಮ್ಮ ಚಿಕ್ಕಮ್ಮನಿಗೆ ಗಂಡಸರಿಲ್ಲದೆ ಆಗುವುದೇ ಇಲ್ಲ! ಹೀಗೆಂದರೆ ನೀವು ಏನೇನೋ ಅಂದುಕೊಳ್ಳುತ್ತೀರಿ. ಹಾರಂಗಿ ದಾರಿಯ ನಮ್ಮ ಊರೂ ಅಂದುಕೊಂಡಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಹಳೇ ಜೀಪು ಕುಶಾಲನಗರದ ಕಡೆ ಹೊರಟಿತೆಂದರೆ ಪಕ್ಕದ ಸೀಟಿನಲ್ಲಿ ಯಾರಾದರೊಬ್ಬ ಗಂಡಸು ಇರಲೇಬೇಕು. ಈ ಸಲ ಇದ್ದವನು ಮುಂದಿನ ಸಲ ಇಲ್ಲ! ಊರಿನ ಒಲೆಗಳ ಮೇಲೆ ಹಾಲಿಗಿಂತ ಮೊದಲು ಈ ಸುದ್ದಿ ಉಕ್ಕುತ್ತಿತ್ತು.

ಅಸಲು ವಿಷಯ ಇಷ್ಟೆ. ಆ ಗಂಡಸರು ಬೇಕಾಗಿದ್ದದ್ದು ಚಿಕ್ಕಮ್ಮನಿಗಲ್ಲ, ಗ್ಯಾರೇಜಿನವನಿಗೆ.

ಚಿಕ್ಕಮ್ಮನದು ಕಾಫಿ ಮತ್ತು ಮೆಣಸಿನ ಸಸಿಗಳ ನರ್ಸರಿ. ಸಸಿ ಹೇರಿಕೊಂಡು ಚೆಟ್ಟಳ್ಳಿ, ನಾಪೋಕ್ಲು ಎಂದು ಸುತ್ತಲು ಜೀಪು ಬೇಕೇ ಬೇಕು. ಅದರ ಹೊಟ್ಟೆಯಲ್ಲಿ ಎಲ್ಲಿ ನೋವೆಂದು ಅವಳು ಶಬ್ದ ಕೇಳಿಯೇ ಹೇಳಬಲ್ಲಳು. ಆದರೆ ಕೇಳುವವರು ಯಾರು? ಒಮ್ಮೆ ಬ್ರೇಕು ಕಿರುಗುಟ್ಟಿತೆಂದು ಒಬ್ಬಳೇ ಹೋದಳು.

"ಅಕ್ಕಾ, ಬ್ರೇಕ್ ಪೂರ್ತಿ ಹೋಗಿದೆ. ಸೆಟ್ಟೇ ಚೇಂಜ್ ಮಾಡ್ಬೇಕು. ಖರ್ಚು ಜೋರಾಗಿ ಬರುತ್ತೆ," ಎಂದ ಮೆಕ್ಯಾನಿಕ್.

"ಧೂಳು ಕೂತಿರ್ಬೇಕು. ಬಿಚ್ಚಿ ನೋಡಪ್ಪ."

"ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ. ಮನೇಲಿ ಯಾರಾದ್ರೂ ಗಂಡಸ್ರಿದ್ರೆ ಕಳ್ಸಿ."

ಗಂಡಸು ತಾನೇ? ಮರುದಿನ ಪಕ್ಕದ ಮನೆಯ ಅಜ್ಜನನ್ನು ಜೀಪಿಗೆ ಹತ್ತಿಸಿಕೊಂಡಳು. ಅಜ್ಜ ಅಂಚೆ ಹಂಚುತ್ತಿದ್ದವರು; ಜೀವಮಾನದಲ್ಲಿ ಸೈಕಲ್ಲು ಬಿಟ್ಟು ಬೇರೇನೂ ಓಡಿಸಿದವರಲ್ಲ. ಕಿವಿಯೂ ಮಂದ. ಮೆಕ್ಯಾನಿಕ್ ಹೇಳಿದ್ದೊಂದೂ ಕೇಳಿಸದೆ ಅವರು ಚಕ್ರದ ಕಡೆ ನೋಡಿ ಗಟ್ಟಿಯಾಗಿ ಕೆಮ್ಮಿದರು. ಅಜ್ಜನಿಗೆ ಕಫ, ಮೆಕ್ಯಾನಿಕ್ಕಿಗೆ ಭಯ!

"ಇಲ್ಲ ಇಲ್ಲ ಸಾರ್, ಚೇಂಜೇನೂ ಬೇಡ. ಬಿಚ್ಚಿ ಕ್ಲೀನ್ ಮಾಡಿದ್ರೆ ಸಾಕು."

"ಅಜ್ಜನ ಕೆಮ್ಮಿಗಿರೋ ಬೆಲೆ ನನ್ನ ಮಾತಿಗಿಲ್ಲ ಕಣೋ," ಎಂದು ಮನೆಗೆ ಬಂದು ನನ್ನೆದುರು ಚಿಕ್ಕಮ್ಮ ನಕ್ಕಳು. ಆ ನಗು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಅಲ್ಲಿಂದ ಶುರು. ಅಜ್ಜ ಸಿಗದ ದಿನ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಒಬ್ಬ ಎಸ್ಟೇಟ್ ರೈಟರನ್ನೂ, ಅಂದರೆ ತೋಟದ ಲೆಕ್ಕ ಬರೆಯುವವನನ್ನೂ, ಅವಳು ಬಿಡಲಿಲ್ಲ. "ಚೆಟ್ಟಳ್ಳಿ ತನಕ ಬಿಡ್ತೀನಿ. ಆದ್ರೆ ಗ್ಯಾರೇಜಲ್ಲಿ ಸ್ವಲ್ಪ ಹೊತ್ತು ನನ್ನ ತಮ್ಮ ಆಗ್ಬೇಕು!" ಅವನು ಎಷ್ಟು ಚೆನ್ನಾಗಿ ತಮ್ಮನಾದನೆಂದರೆ, ಇಳಿಯುವಾಗ "ಅಕ್ಕಾ, ಗಾಡಿ ಮತ್ತೆ ಕೆಟ್ರೆ ಹೇಳಿ," ಎಂದು ನಂಬರೂ ಕೊಟ್ಟುಹೋದ.

ಕೊನೆಗೆ ಜೀಪು ಎದ್ದೇಳದಂತೆ ಮಲಗಿತು. ಹೊಸ ಗಾಡಿ ಕೊಳ್ಳಲು ಮೈಸೂರಿನ ಶೋರೂಮಿಗೆ ಹೊರಟಾಗ ಗಂಡಸಾಗುವ ಸರದಿ ನನ್ನದು. ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಕಾರಿನ ಬಗ್ಗೆ ಇರುವ ಜ್ಞಾನ ಇಷ್ಟು: ಬಾನೆಟ್ಟಿನ ಒಳಗೆ ಏನೋ ಇರುತ್ತದೆ!

ಸೇಲ್ಸ್‌ಮ್ಯಾನ್ ಇಂಜಿನ್ನನ್ನು ನನಗೆ ತೋರಿಸಿದ, ಕನ್ನಡಿಯನ್ನು ಚಿಕ್ಕಮ್ಮನಿಗೆ. "ಮೇಡಂ, ಮೇಕಪ್ ಮಾಡ್ಕೊಳ್ಳೋಕೆ ಲೈಟೂ ಇದೆ ನೋಡಿ!"

"ಲೋಡ್ ಇದ್ದಾಗ ಏರು ಎಳೆಯುತ್ತೇನಪ್ಪ?" ಎಂದಳು ಚಿಕ್ಕಮ್ಮ.

"ಆರಾಮಾಗಿ ಎಳೆಯುತ್ತೆ ಸಾರ್," ಎಂದ ನನ್ನ ಮುಖ ನೋಡಿ!

ಬೆಲೆ ಇಳಿಸು ಎಂದು ಅವಳು ಕೇಳಿದ್ದಕ್ಕೆ "ಫಿಕ್ಸೆಡ್ ಮೇಡಂ" ಎಂಬ ಉತ್ತರ ಬಂತು. ಚಿಕ್ಕಮ್ಮ ನನ್ನ ಮೊಣಕೈ ಚಿವುಟಿದಳು. "ಸ್ವಲ್ಪ ನೋಡಿ ಹೇಳಿ," ಎಂದೆ ನಾನು, ನೋವಿಗೆ. ಮ್ಯಾನೇಜರ್ ಎದ್ದು ಬಂದ. ಬೆಲೆ ಇಳಿಯಿತು, ಮ್ಯಾಟು ಪುಕ್ಕಟೆ ಬಂತು, ನನಗೊಂದು ಕಾಫಿಯೂ ಬಂತು. ಗಾಡಿ ಕೊಡುವ ದಿನ ಹಾರ ಹಾಕಿ, ಮೊರದಷ್ಟು ದೊಡ್ಡ ರಟ್ಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಚಿಕ್ಕಮ್ಮ ಪಕ್ಕಕ್ಕೆ ಸರಿದಳು. ಹಣ ಅವಳದು, ಸಹಿ ಅವಳದು, ಫೋಟೋ ನನ್ನದು!

ದಾರಿಯಲ್ಲಿ ಇದನ್ನೇ ಹೇಳಿ ನಗುತ್ತಾಳೆಂದು ಕಾದೆ. ಪಿರಿಯಾಪಟ್ಟಣವೂ ದಾಟಿತು. ಆಮೇಲೆ ಗಾಡಿಯನ್ನು ರಸ್ತೆಯ ಬದಿಗೆ ಹಾಕಿದಳು.

"ನಿನ್ನ ಚಿಕ್ಕಪ್ಪನಿಗೂ ಗಾಡಿ ವಿಷಯ ಒಂದಕ್ಷರ ಗೊತ್ತಿರ್ಲಿಲ್ಲ ಕಣೋ. ಗ್ಯಾರೇಜಲ್ಲಿ ಯಾರಾದ್ರೂ 'ಎಂತ ಸಾರ್ ತೊಂದ್ರೆ' ಅಂದ್ರೆ ನನ್ನ ಮುಂದಕ್ಕೆ ಕರೆಯೋರು. 'ನನಗೆ ತಿಳಿಯಲ್ಲ, ಇವಳನ್ನೇ ಕೇಳಿ' ಅನ್ನೋರು. ಎಲ್ಲರ ಎದುರಿಗೇ. ಹಂಗೆ ಹೇಳೋ ಗಂಡಸು ಒಬ್ರೇ ಇದ್ದಿದ್ದು."

ಸೆರಗಿನಿಂದ ಸ್ಟಿಯರಿಂಗ್ ಒರೆಸಿದಳು. ಹೊಸ ಗಾಡಿಯಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಮೊದಲ ಸರ್ವೀಸಿಗೂ ನನ್ನನ್ನೇ ಕರೆದುಕೊಂಡು ಹೋದಳು. ಹುಡುಕಿಕೊಂಡು ಬಂದಂತೆ ಅಲ್ಲಿಯವನು ನೇರವಾಗಿ ನನ್ನ ಮುಂದೆ ನಿಂತ. "ಸಾರ್, ಏನಾದ್ರೂ ಕಂಪ್ಲೇಂಟ್?"

"ನನಗೇನೂ ತಿಳಿಯಲ್ಲ. ಇವರನ್ನೇ ಕೇಳಿ," ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ ಅದು ಸವೆದಿದೆ, ಇದು ಸಡಿಲವಾಗಿದೆ ಎಂದು ಶುರುಮಾಡಿದ. ಅವಳು ಒಂದೊಂದಕ್ಕೂ ಬೇಡವೆಂದು ವಾದಿಸಿದಳು. ಆದರೂ ಬಿಲ್ಲು ಜಾಸ್ತಿಯೇ ಬಂತು. ಜಗತ್ತು ನನ್ನೊಂದು ಮಾತಿಗೆ ಬದಲಾಗುತ್ತದೆಯೇ!

"ಗಂಡಸು ಅಂತ ಕರ್ಕೊಂಡು ಬಂದ್ರೆ ನನಗೇ ನಷ್ಟ ಮಾಡ್ತೀಯಲ್ಲೋ, ದಂಡಪಿಂಡ!" ಗಾಡಿಯೊಳಗೆ ಕೂತ ಮೇಲೆ ಬೈದಳು.

ಬೈಯುತ್ತಲೇ ನನ್ನ ತಲೆಯ ಮೇಲೆ ಕೈಯಿಟ್ಟಳು. ಗೇರು ಹಾಕಲು ಆ ಕೈ ಬೇಕಾಗಿತ್ತು. ಆದರೂ ಬಹಳ ಹೊತ್ತು ಅವಳು ಅದನ್ನು ತೆಗೆಯಲಿಲ್ಲ.