ಕಾಕಾನ ಪೆಟ್ಟಿಗೆಗೆ ಲಿನಕ್ಸ್ ಹಾಕಿದ್ದು

ನಮ್ಮ ಕಾಕಾನಿಗೆ ಜನರ ಹೆಸರು ನೆನಪಿರುವುದಿಲ್ಲ. ಅವರ ಫೋನಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬುದು ನೆನಪಿರುತ್ತದೆ. ಮದುವೆ ಮನೆಯಲ್ಲಿ ಬೀಗರು ಎದುರಾದರೆ ಬೇರೆಯವರು “ಊಟ ಆತೇನ್ರಿ?” ಎಂದು ಕೇಳುತ್ತಾರೆ, ಇವನು “ಬ್ಯಾಕಪ್ ತಗೊಂಡೀರೇನ್ರಿ?” ಎಂದು ಕೇಳುತ್ತಾನೆ. ನನ್ನ ಮದುವೆಯಲ್ಲಿ ನನ್ನ ಮಾವನವರನ್ನು ಹೀಗೆಯೇ ಕೇಳಿದ. ಅವರು ಪಾಪ, ಸೊಲ್ಲಾಪುರದ ಕಡೆಯ ಸಾಧು ಮನುಷ್ಯ. ಬ್ಯಾಕಪ್ ಎಂದರೆ ಊಟದ ಮೇಲೆ ಕೊಡುವ ಯಾವುದೋ ಸಿಹಿ ಇರಬೇಕು ಎಂದುಕೊಂಡು, “ಬ್ಯಾಡ್ರಿ, ಹೊಟ್ಟಿ ತುಂಬೇದ” ಎಂದರು. ಅಂದಿನಿಂದ ಕಾಕಾನ ಮಾತು ಬಂದಾಗಲೆಲ್ಲ ನನ್ನ ಗಂಡನ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಅಡುಗೆಮನೆಗೆ ಹೋಗಿ ಏನೂ ಇಲ್ಲದ ಪಾತ್ರೆಯಲ್ಲಿ ಸೌಟು ಆಡಿಸುತ್ತೇನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದಿಂದ ಹುಡುಗನಾಗಿದ್ದಾಗಲೇ ಮರಾಠಿ ಸೀಮೆಗೆ ಬಂದು, ಭೋಸರಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೂತು, ಅಲ್ಲೇ ನಿವೃತ್ತನಾದವನು. ಈಗ ಚಿಂಚವಾಡದಲ್ಲಿ ನಮ್ಮದೂ ಅವನದೂ ಒಂದೇ ಸೊಸೈಟಿ. ನಮ್ಮದು ಎ ವಿಂಗ್, ಅವನದು ಬಿ. ಈ ಅಂತರ ಸಾಲದು ಎಂದು ನನಗೆ ಎಷ್ಟು ಸಲ ಅನ್ನಿಸಿಲ್ಲ!

ಕಾಕಾನ ಮನೆಯ ದೇವರ ಗೂಡಿನ ಪಕ್ಕದಲ್ಲಿ ಒಂದು ಕರಿ ಪೆಟ್ಟಿಗೆ ಇದೆ. ಟೋಸ್ಟರಿನಷ್ಟು ದೊಡ್ಡದು. ಒಳಗೆ ಎರಡು ಡಿಸ್ಕು. ಮನೆಯ ವೈಫೈಗೆ ಅಂಟಿಕೊಂಡು ಕೂತು ಫೋಟೋ, ವಿಡಿಯೋ ಎಲ್ಲವನ್ನೂ ತನ್ನ ಹೊಟ್ಟೆಗೆ ಹಾಕಿಕೊಂಡು, ಬೇಕೆಂದಾಗ ಟಿವಿಯ ಮೇಲೆ ತೋರಿಸುವುದು ಅದರ ಕೆಲಸ. ನಮ್ಮ ಕುಲದ ಎಲ್ಲ ಜವಳ, ಮುಂಜಿವೆ, ಮದುವೆ, ಸೀಮಂತಗಳಲ್ಲಿ ಕಾಕಾ ತೆಗೆದ ಚಿತ್ರಗಳು ಅದರೊಳಗಿದ್ದವು. ದೇವರಿಗೆ ಹಚ್ಚಿದ ದೀಪ ಆರಿದರೆ ಅವನ ಹೆಂಡತಿ, ನಮ್ಮ ಕಾಕು, ಮತ್ತೆ ಹಚ್ಚುತ್ತಾಳೆ; ಪೆಟ್ಟಿಗೆಯ ದೀಪ ಆರಿದರೆ ಕಾಕಾ ಊಟ ಬಿಡುತ್ತಾನೆ.

ಇಂಥ ಪೆಟ್ಟಿಗೆಗೆ ಒಂದು ದಿನ ಅದನ್ನು ತಯಾರಿಸಿದ ಕಂಪನಿಯಿಂದ ಸಂದೇಶ ಬಂತು. ಈ ಮಾದರಿ ಹಳೆಯದಾಯಿತು, ಇನ್ನು ಮುಂದೆ ಇದಕ್ಕೆ ಅಪ್ಡೇಟ್ ಇಲ್ಲ, ಹೊಸದನ್ನು ಕೊಳ್ಳಿರಿ ಎಂದು. ಕಾಕಾ ಅದನ್ನು ತನಗೇ ಬಂದ ನೋಟೀಸಿನಂತೆ ಓದಿಕೊಂಡ. ನಮ್ಮ ಮನೆಗೆ ಬಂದು, ಚಹಾ ಮುಟ್ಟದೆ, ಗಟ್ಟಿಮುಟ್ಟಾಗಿ ದುಡಿಯುವ ಮಷಿನ್ನನ್ನು ಬರೀ ವಯಸ್ಸಾಯಿತೆಂದು ಮೂಲೆಗೆ ಕೂಡಿಸುವುದು ಯಾವ ನ್ಯಾಯ ಎಂದು ನನ್ನ ಗಂಡನನ್ನು ಕೇಳಿದ. ನನ್ನ ಗಂಡ ವಿಮಾ ಕಂಪನಿಯಲ್ಲಿರುವವನು. ವಯಸ್ಸಾದ ಮಷಿನ್ನಿನ ಬಗ್ಗೆ ಅವನ ಅಭಿಪ್ರಾಯ ಬೇರೆಯೇ ಇತ್ತು, ಆದರೆ ಚಹಾದ ಕಪ್ಪನ್ನು ಕಾಕಾನ ಕಡೆ ಸರಿಸಿದ.

ಕಾಕಾ ಅಂತರ್ಜಾಲದಲ್ಲಿ ಹುಡುಕಿದ. ಜಗತ್ತಿನಲ್ಲಿ ಇಂಥದ್ದೇ ಪೆಟ್ಟಿಗೆಯನ್ನು ಇಟ್ಟುಕೊಂಡು ಇಂಥದ್ದೇ ಸಿಟ್ಟಿನಲ್ಲಿರುವ ಬಹಳ ಜನ ಇದ್ದಾರೆ ಎಂದು ತಿಳಿಯಿತು. ಅವರೆಲ್ಲ ಸೇರಿ, ಕಂಪನಿಯ ಹಂಗಿಲ್ಲದೆ ಆ ಪೆಟ್ಟಿಗೆ ನಡೆಯುವಂತೆ ಲಿನಕ್ಸ್ ಎಂಬ ತಂತ್ರಾಂಶದ ಒಂದು ಫರ್ಮ್‌ವೇರ್ ಬರೆದು ಪುಕ್ಕಟೆ ಹಂಚುತ್ತಿದ್ದರು. ಅಂದರೆ ಪೆಟ್ಟಿಗೆ ಅದೇ, ಅದರ ತಲೆಯೊಳಗಿನ ಬುದ್ಧಿ ಮಾತ್ರ ಬೇರೆ. ಕಾಕಾನಿಗೆ ಇದಕ್ಕಿಂತ ಇನ್ನೇನು ಬೇಕು? ಸೊಸೈಟಿಯ ಬಾಗಿಲಲ್ಲಿ, ಭಾಜಿ ಮಾರುವವಳ ಮುಂದೆ, ನನ್ನ ಆಫೀಸಿನ ಗೆಳತಿಯರು ಮನೆಗೆ ಬಂದಾಗ, ಎಲ್ಲ ಕಡೆ ಲಿನಕ್ಸ್ ಪುರಾಣ ಶುರುವಾಯಿತು. ಗೆಳತಿಯರಲ್ಲಿ ಒಬ್ಬಳು ಹೋಗುವಾಗ, ನಿಮ್ಮ ಕಾಕಾ ಯಾವ ಮಠದವರು ಎಂದು ಕೇಳಿದಳು.

ಮೊದಲು ಪೆಟ್ಟಿಗೆ ಬಿಚ್ಚಬೇಕಿತ್ತು. ಅದಕ್ಕೆ ಸ್ಕ್ರೂ ಇರಲಿಲ್ಲ, ಅಡಿಯ ರಬ್ಬರಿಗೆ ಗೋಂದು ಹಚ್ಚಿದ್ದರು. ಗೋಂದು ಮೆತ್ತಗಾಗಲು ನನ್ನ ಕೂದಲು ಒಣಗಿಸುವ ಡ್ರೈಯರ್ ಒಯ್ದ. ಮರಳಿ ಬಂದಾಗ ಅದರಿಂದ ಬಿಸಿಗಾಳಿಯ ಬದಲು ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ನಾನು ಅದರಲ್ಲೇ ಕೂದಲು ಒಣಗಿಸಿಕೊಂಡು ಆಫೀಸಿಗೆ ಹೋದೆ. ಲಿಫ್ಟಿನಲ್ಲಿದ್ದವರು ಎಲ್ಲಿಯೋ ವಾಯರ್ ಸುಡುತ್ತಿದೆ ಎಂದು ಮೇಲೆ ಕೆಳಗೆ ನೋಡಿದರು. ನಾನೂ ಅವರ ಜೊತೆ ನೋಡಿದೆ.

ಆಮೇಲೆ ಒಳಗಿನ ಹಸಿರು ಹಲಗೆಗೆ ಸಣ್ಣ ತಂತಿಗಳನ್ನು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ. ಪೆಟ್ಟಿಗೆಯ ಸ್ವಿಚ್ ಒತ್ತಿದ ಕೂಡಲೇ, ಅದು ತನ್ನ ಹಳೆಯ ಬುದ್ಧಿಯನ್ನು ನೆನಪಿಸಿಕೊಳ್ಳುವ ಮೊದಲೇ, ಲ್ಯಾಪ್‌ಟಾಪಿನ ಯಾವುದಾದರೂ ಒಂದು ಗುಂಡಿ ಒತ್ತಿ ತಡೆಯಬೇಕಂತೆ. ಕಾಕಾನ ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈ ತಂತಿ ಅಲುಗದಂತೆ ಹಿಡಿದುಕೊಂಡಿತ್ತು. ಹಾಗಾಗಿ ಕಾಕುವನ್ನು ಕರೆದ. ಅವಳು ಹೋಳಿಗೆಯ ಕಣಕ ನಾದುತ್ತಿದ್ದ ಕೈಯಲ್ಲೇ ಬಂದು ನಿಂತಳು.

“ಯಾವ ಗುಂಡಿ ಒತ್ತಲಿ?”

“ಯಾವುದಾದ್ರೂ.”

“ಯಾವುದಾದ್ರೂ ಅಂದ್ರ ಯಾವುದು?”

ಅಷ್ಟರಲ್ಲಿ ಪೆಟ್ಟಿಗೆಗೆ ಎಲ್ಲ ನೆನಪಾಗಿಬಿಟ್ಟಿತು. ಹೀಗೆ ಅದೆಷ್ಟು ಸಲ ನಡೆಯಿತೋ. ಕೊನೆಗೆ ಕಾಕು ಬೇಸತ್ತು ಇಡೀ ಅಂಗೈಯನ್ನೇ ಗುಂಡಿಗಳ ಮೇಲೆ ಇಟ್ಟಳು. ಪೆಟ್ಟಿಗೆ ಗಪ್ಪನೆ ನಿಂತಿತು. ಆ ಲ್ಯಾಪ್‌ಟಾಪಿನ ಕೆಲವು ಅಕ್ಷರಗಳು ಇವತ್ತಿಗೂ ಕಣಕದ ಅಡಿಯಲ್ಲಿವೆ.

ಮುಂದಿನದೇ ಫಜೀತಿ. ಹೊಸ ಫರ್ಮ್‌ವೇರನ್ನು ಬರೆಯುವಾಗ ಕರೆಂಟು ಹೋದರೆ ಪೆಟ್ಟಿಗೆ ಶಾಶ್ವತವಾಗಿ ಸತ್ತು ಬರೀ ಇಟ್ಟಿಗೆಯಾಗುತ್ತದೆ ಎಂದು ಸೂಚನೆಯಲ್ಲಿತ್ತು. ಭಾನುವಾರ ಬೆಳಗ್ಗೆ ಸೊಸೈಟಿಯ ಕಾರ್ಯದರ್ಶಿ ನನಗೆ ಫೋನು ಮಾಡಿ ಕೂಡಲೇ ಕೆಳಗೆ ಬರಲು ಹೇಳಿದರು. ಹೋಗಿ ನೋಡಿದರೆ ಕಾಕಾ ಬನಿಯನ್, ಪಾಯಿಜಾಮದಲ್ಲಿ ಬಿ ವಿಂಗಿನ ಮೀಟರ್ ಖೋಲಿಯ ಬಾಗಿಲಿಗೆ ಎರಡೂ ಕೈ ಚಾಚಿ ನಿಂತಿದ್ದ. ಲಿಫ್ಟು ಓಡಿದರೆ ವೋಲ್ಟೇಜು ಕುಸಿಯುತ್ತದೆ ಎಂದು ಅದನ್ನೂ ಬಂದ್ ಮಾಡಿಸಿದ್ದ. ಮಂಡಯಿ ಸಂತೆಯಿಂದ ತರಕಾರಿ ಚೀಲ ಹೊತ್ತು ಬಂದವರು, ಮೊಣಕಾಲು ನೋವಿನ ಆಜಿ, ಗ್ಯಾಸ್ ಸಿಲಿಂಡರ್ ತಂದವನು, ಎಲ್ಲರೂ ಮೆಟ್ಟಿಲ ಬುಡದಲ್ಲಿ ನೆರೆದಿದ್ದರು. ಕಾರ್ಯದರ್ಶಿ ಬಹಳ ಸೌಮ್ಯವಾಗಿ, “ಕಾಕಾ, ಆತಾ ತರೀ ಲಿಫ್ಟ್ ಸುರೂ ಕರೂ ಕಾ?” ಎಂದು, ಈಗಲಾದರೂ ಲಿಫ್ಟು ಶುರು ಮಾಡೋಣವೇ ಎಂದು, ಮರಾಠಿಯಲ್ಲಿ ಕೇಳಿದರು. ಕಾಕಾ ಮೇಲಿನ ಕಿಟಕಿಯತ್ತ ನೋಡಿದ. ಅಲ್ಲಿಂದ ಕಾಕು ಲ್ಯಾಪ್‌ಟಾಪಿನ ಪರದೆ ನೋಡಿ, “ಇನ್ನೂ ಓಡ್ಲಿಕತ್ತದ” ಎಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅವನು ನನ್ನ ಕಾಕಾ ಎಂದು ಆ ಸೊಸೈಟಿಯಲ್ಲಿ ಗೊತ್ತಿಲ್ಲದವರು ಯಾರಾದರೂ ಇದ್ದರೆ ಗ್ಯಾಸ್ ಸಿಲಿಂಡರಿನವನೊಬ್ಬನೇ. ನಾನು ಆಜಿಯ ಚೀಲ ಹಿಡಿದುಕೊಂಡು, ತಲೆ ತಗ್ಗಿಸಿ, ಅವರನ್ನು ಮೂರನೆಯ ಮಹಡಿಗೆ ಹತ್ತಿಸಿ ಬಂದೆ.

ಆಶ್ಚರ್ಯವೆಂದರೆ ಕೆಲಸ ಗೆದ್ದಿತು! ಪೆಟ್ಟಿಗೆಗೆ ಲಿನಕ್ಸ್ ಬಂತು. ಹಸಿರು ದೀಪ ಹತ್ತಿತು. ಕಾಕಾ ಕಾರ್ಯದರ್ಶಿಗೆ ಪೇಢೆ ಕೊಟ್ಟ, ಅವರು ತಿಂದರು. ಸಂಜೆ ಟಿವಿಯ ಮೇಲೆ ಫೋಟೋ ತೋರಿಸುತ್ತೇನೆಂದು ನಮ್ಮನ್ನೆಲ್ಲ ಕರೆದಿದ್ದ. ನಾವು ಹೋಗುವ ಹೊತ್ತಿಗೆ ಟಿವಿ ಆರಿತ್ತು, ಕಾಕಾ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

ಆದದ್ದು ಇಷ್ಟು. ಹೊಸ ಫರ್ಮ್‌ವೇರು ಎದ್ದು ಕೂತ ಮೇಲೆ, ಜಾಗವನ್ನು ಹೊಸದಾಗಿ ಅಣಿ ಮಾಡಲೇ ಎಂದು ಕೇಳಿತ್ತು. ಗೆದ್ದ ಹುರುಪಿನಲ್ಲಿ ಕಾಕಾ ಹೌದು ಎಂದ. ಎರಡು ಡಿಸ್ಕಿನಲ್ಲಿ ಒಂದು ಇನ್ನೊಂದರ ನಕಲು. ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಎಂದು ವರ್ಷಗಟ್ಟಲೆ ಹಾಗೆ ಇಟ್ಟಿದ್ದ. ಒಂದನ್ನು ಅಳಿಸಿದಾಗ ಇನ್ನೊಂದು ಅದನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡಿತು. ಊರಿಗೆಲ್ಲ ಬ್ಯಾಕಪ್ ಬೋಧಿಸಿದವನ ಬಳಿ ಆ ಪೆಟ್ಟಿಗೆಯ ಹೊರಗೆ ಬೇರೆ ಬ್ಯಾಕಪ್ ಇರಲಿಲ್ಲ. ಅಳಿಸಿದ್ದನ್ನು ತೆಗೆದುಕೊಡುವ ಅಂಗಡಿಗೂ ಒಯ್ದದ್ದಾಯಿತು. ಅವರು ಒಂದು ವಾರ ಇಟ್ಟುಕೊಂಡು, ಆಗುವುದಿಲ್ಲ ಎಂದು ಮರಳಿಸಿದರು.

ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ನಗು. ಗಂಡನಿಗೆ ಹೇಳುವಾಗ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಆದರೆ ಮರುವಾರ ಕಾಕು ನಮ್ಮ ಮನೆಗೆ ಬಂದು, ಮುಂದೆ ಇಟ್ಟ ಉಪ್ಪಿಟ್ಟನ್ನು ಕಾಕಾ ನೋಡುತ್ತ ಕೂಡುತ್ತಾನೆ, ಫೋನು ಎತ್ತುವುದಿಲ್ಲ, ವಾಕಿಂಗಿಗೂ ಮೆಟ್ಟಿಲಿಳಿಯುವುದಿಲ್ಲ ಎಂದಳು. ನಾನು ಹೋದೆ. ಕಾಕಾ ನನ್ನ ಮುಖ ನೋಡದೆ ಮಾತಾಡಿದ.

“ಎಲ್ಲಾರ ಮನಿಗೆ ಹೋಗಿ ನಾನ ಹೇಳಬೇಕು. ಫೋನಿನ್ಯಾಗ ಹೇಳೋ ಮಾತಲ್ಲ ಇದು. ನೀ ಜೊತಿಗೆ ಬರ್ತೀಯೇನು? ಒಬ್ಬನ ಹೋಗ್ಲಿಕ್ಕೆ ನಾಚಿಕಿ ಆಗ್ತದ.”

ನಾಚಿಕೆ ಎಂಬ ಪದ ಕಾಕಾನ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಅದೇನಿದ್ದರೂ ಅವನ ಪರವಾಗಿ ನಾವು ಪಡುವ ವಸ್ತು ಎಂದುಕೊಂಡಿದ್ದೆ.

ಮೊದಲು ಹೋದದ್ದು ಪಿಂಪ್ರಿಯಲ್ಲಿರುವ ಅತ್ಯಾನ ಮನೆಗೆ. ಅತ್ಯಾ ಎಂದರೆ ಕಾಕಾನ ಅಕ್ಕ, ನನ್ನ ಸೋದರತ್ತೆ. ಕಾಕಾ ಸೋಫಾದ ಅಂಚಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ ಇಟ್ಟುಕೊಂಡು, ಕೆಲಸ ಕೇಳಲು ಬಂದವನಂತೆ ಕೂತ.

“ಅಕ್ಕಾ, ನಿನ್ನ ಅರವತ್ತರ ಶಾಂತಿ ಫೋಟೋ ಎಲ್ಲಾ ಅಳಿಸೇನಿ. ಭಾವನವರು ಇದ್ದದ್ದೂ ಹೋಗ್ಯಾವ.”

ಅತ್ಯಾನ ಗಂಡ ತೀರಿಕೊಂಡು ಬಹಳ ದಿನವೇನೂ ಆಗಿರಲಿಲ್ಲ. ನಾನು ನೆಲದ ಫರಸಿಯನ್ನು ನೋಡುತ್ತ ಕೂತೆ.

“ಹೋಗ್ಲಿ ಬಿಡು,” ಎಂದಳು ಕೊನೆಗೆ. “ಆ ಸೀರ್ಯಾಗ ನಾ ಹಿಟ್ಟಿನ ಡಬ್ಬಿ ಕಂಡಂಗ ಕಾಣ್ತಿದ್ದೆ. ಅವರದು ನನ್ನ ಫೋನಿನ್ಯಾಗ ಒಂದಿಷ್ಟು ಅವ. ನೀನ ಕಳಿಸಿದ್ದು. ತಗೋ, ಇದರಾಗ ಏನೇನದನೋ ಎಲ್ಲಾ ತಗೋ.”

ಹೀಗೆ ಹೇಳಿ ಫೋನನ್ನು ಅವನ ಕೈಗೆ ಕೊಟ್ಟೇಬಿಟ್ಟಳು. ಕಾಕಾ ಚೀಲದಿಂದ ಲ್ಯಾಪ್‌ಟಾಪು, ತಂತಿ ತೆಗೆದು ಸಿಕ್ಕಿಸಿದ. ವಾಟ್ಸಾಪಿನದೂ ಸೇರಿ ಎಲ್ಲ ಚಿತ್ರಗಳೂ ಸರಸರನೆ ನಕಲಾಗತೊಡಗಿದವು. ಅದನ್ನು ನಾನು ಹೇಗಾದರೂ ನಿಲ್ಲಿಸಬೇಕಿತ್ತು.

ಯಾಕೆಂದರೆ ನಮ್ಮ ಮನೆತನದಲ್ಲಿ ಒಂದು ವಾಟ್ಸಾಪ್ ಗ್ರೂಪಿದೆ, ಅದರಲ್ಲಿ ಕಾಕಾ ಮತ್ತು ಕಾಕು ಇಲ್ಲ. ಉಳಿದವರೆಲ್ಲ ಇದ್ದಾರೆ. ಅದನ್ನು ಮಾಡಿದವಳು ನಾನು. ಕಾಕಾನ ವಿಚಿತ್ರ ಭಂಗಿಗಳ ಫೋಟೋ ತೆಗೆದು, ಅದರ ಮೇಲೆ ಏನಾದರೂ ಬರೆದು ಹಾಕುವುದು, ಎಲ್ಲರೂ ನಗುವುದು, ಇಷ್ಟೇ ಅದರ ಉದ್ಯೋಗ. ಅತ್ಯಾ ಅದನ್ನು ಮರೆತಿದ್ದಳು. ನಾನು ಆ ತಂತಿಯನ್ನು ಕಾಲಿನಿಂದ ಎಡವಿ ಕೀಳಬಹುದಿತ್ತು. ಎದ್ದೂ ನಿಂತೆ. ಅಷ್ಟರಲ್ಲಿ ಅತ್ಯಾ, ನಿಂತೇ ಇದ್ದೀಯಲ್ಲ, ಚಹಾಕ್ಕೆ ಇಡು ಎಂದು ಒಳಗೆ ಕಳಿಸಿದಳು.

ಸಂಜೆ ಕಾಕಾ ತಂದದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಟಿವಿ ಹಚ್ಚಿದ. ತಪ್ಪಿಸಿಕೊಂಡು ಮನೆಗೆ ಹೋಗೋಣವೆಂದರೆ ಕಾಕು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಿದ್ದಳು. ಮೊದಲು ಅತ್ಯಾನ ಗಂಡ ಬಂದರು, ಶಾಲು ಹೊದ್ದುಕೊಂಡು, ನಗುತ್ತ. ಕಾಕಾನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬಣ್ಣ ಬಂತು. ಅದರ ಬೆನ್ನಿಗೇ ಲೋಣಾವಳದ ಗುಡ್ಡದ ಮೇಲೆ ನಿಂತು ಸಿಗ್ನಲ್ಲಿಗಾಗಿ ಫೋನನ್ನು ಮೇಲೆತ್ತಿ ಹಿಡಿದ ಕಾಕಾ ಬಂದ.

“ಕಾಕಾ ಟವರ್,” ಎಂದು ಮೇಲೆ ಬರೆದದ್ದನ್ನು ಅವನು ಓದಿದ.

ಆಮೇಲೆ ಯಾರದೋ ನಾಮಕರಣದಲ್ಲಿ ಚಾರ್ಜರ್ ಹಿಡಿದು ತೊಟ್ಟಿಲಿನ ಅಡಿಯಲ್ಲಿ ತಲೆ ತೂರಿಸಿದ ಕಾಕಾ. “ಕೂಸಿನ ಹೆಸರು ಆಮೇಲೆ, ಪ್ಲಗ್ ಎಲ್ಲಿ?” ಅದನ್ನೂ ಓದಿದ. ಒಂದೊಂದನ್ನೂ, ಪರೀಕ್ಷೆಯ ಪ್ರಶ್ನೆ ಓದಿದಂತೆ, ನಿಧಾನವಾಗಿ ಓದಿದ. ಬರೆಯುವಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕ ಮಾತುಗಳವು. ಅವನ ದನಿಯಲ್ಲಿ ಒಂದಕ್ಕೂ ನಗು ಬರಲಿಲ್ಲ.

“ಇವೆಲ್ಲಾ ಯಾರಿಗೆ ಕಳಿಸ್ತಿದ್ರಿ?” ಎಂದು ಕೇಳಿದ.

“ಒಂದು ಗ್ರೂಪ್ ಅದ, ಕಾಕಾ.”

“ಅದರಾಗ ನಾ ಇಲ್ಲೇನು?”

“ಇಲ್ಲ.”

ಅವನು ತಲೆಯಾಡಿಸಿದ. “ಸರಿನ ಅದ. ನಾ ಇದ್ದಿದ್ರ ನಿಮಗ ಹಿಂಗ ಬರೀಲಿಕ್ಕೆ ಆಗ್ತಿರಲಿಲ್ಲ.”

ಬೈದಿದ್ದರೆ ನಾನು ಏನಾದರೂ ಅನ್ನುತ್ತಿದ್ದೆ. ಅವನು ಬೈಯಲಿಲ್ಲ, ರಿಮೋಟು ಒತ್ತಿದ. ಮುಂದಿನ ಫೋಟೋ ಬಂತು.

ಅದು ಯಾವುದೋ ಮದುವೆಯ ಮಧ್ಯಾಹ್ನ. ಮಂಗಲ ಕಾರ್ಯಾಲಯದ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕಾಕಾ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ. “ರೀಸ್ಟಾರ್ಟ್ ಆಗುತ್ತಿದೆ, ದಯವಿಟ್ಟು ಕಾಯಿರಿ” ಎಂದು ನಾನೇ ಬರೆದಿದ್ದೆ. ಗ್ರೂಪಿನಲ್ಲಿ ಅದಕ್ಕೆ ಬಂದಷ್ಟು ನಗು ಬೇರೆ ಯಾವುದಕ್ಕೂ ಬಂದಿರಲಿಲ್ಲ. ಫೋನಿನ ಅಂಗೈಯಗಲದ ಪರದೆಯಲ್ಲಿ ನಮಗೆಲ್ಲ ಕಂಡದ್ದು ಆ ತೆರೆದ ಬಾಯಿ. ಟಿವಿಯ ಮೇಲೆ ನೋಡಿದರೆ ಪಕ್ಕದಲ್ಲಿ ಕಾಕು ಇದ್ದಳು. ಅವನ ತಲೆ ಅವಳ ಹೆಗಲ ಮೇಲಿತ್ತು. ಅವನ ಕನ್ನಡಕ ಬೀಳದಂತೆ ತೆಗೆದು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಇನ್ನೊಂದು ಕೈ ಅವನ ಕೆನ್ನೆಯ ಕೆಳಗಿತ್ತು. ತಲೆ ಜಾರದಿರಲೆಂದು ಅವಳು ಹೆಗಲನ್ನು ಎಷ್ಟು ಹೊತ್ತು ಹಾಗೆ ಎತ್ತಿ ಹಿಡಿದಿದ್ದಳೋ, ಮುಖದಲ್ಲಿ ನೋವು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಕ್ಯಾಮೆರಾ ನೋಡಿರಲಿಲ್ಲ.

ಕಾಕಾ ಮೇಲೆ ಬರೆದದ್ದನ್ನು ಓದಲಿಲ್ಲ.

“ನೋಡಿದೀಯೇನು,” ಎಂದ ಕಾಕುವಿಗೆ. “ಅಳಿಸಿದ್ದರಾಗ ನಾವಿಬ್ಬರೂ ಕೂಡಿದ್ದು ಒಂದೂ ಇರಲಿಲ್ಲ. ಎಲ್ಲಾ ನಾನ ತಗೀತಿದ್ದೆ. ನಾ ಹ್ಯಾಂಗ ಇರಲಿ ಅದರಾಗ?”

ಕಾಕು ಎದ್ದು ಟಿವಿಯ ಹತ್ತಿರ ಹೋದಳು. ಪರದೆಯ ಮೇಲೆ ಧೂಳು ಕೂತಿದೆ ಎನ್ನುತ್ತ, ತಮ್ಮಿಬ್ಬರ ಮುಖದ ಜಾಗವನ್ನಷ್ಟೇ ಸೆರಗಿನಿಂದ ಒರೆಸಿದಳು. ಒರೆಸಿ ಅಲ್ಲೇ ನಿಂತಳು.

“ಯಾರು ತಗದದ್ದು ಇದು?” ಎಂದು ಕಾಕಾ ಕೇಳಿದ.

“ನಾನ, ಕಾಕಾ,” ಎಂದೆ.

ಕಾಕಾ ಮೊದಲ ಸಲ ನನ್ನತ್ತ ತಿರುಗಿದ.

“ಛಲೋ ತಗದೀ,” ಎಂದ.